ನೆಲ ಮುಟ್ಟದ ಬೆನ್ನು

ಜಪಾನಿನ ಉತ್ತರದ ಒಂದು ಬಂದರಿನ ಊರಲ್ಲಿ ಇಸಾಮು ಕುವಾಬಾರ ಎಂಬ ಕುಸ್ತಿಪಟು ಇದ್ದ. ಹನ್ನೊಂದು ವರ್ಷ ಕುಸ್ತಿಯಾಡಿದರೂ ಅವನ ಬೆನ್ನು ಒಮ್ಮೆಯೂ ನೆಲ ಕಂಡಿರಲಿಲ್ಲ. ಅಂಕಗಳಲ್ಲಿ ಸೋತದ್ದುಂಟು, ಅಂಗಾತ ಬಿದ್ದದ್ದಿಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಆಟ ಮುಗಿದಂತೆ. ಅದಕ್ಕೇ ಯಾರಾದರೂ ಅವನನ್ನು ಎತ್ತಿ ಕೆಡವಿದರೆ ಗಾಳಿಯಲ್ಲಿರುವಾಗಲೇ ಬೆಕ್ಕಿನ ಹಾಗೆ ಹೊರಳಿ ಬೋರಲು ಬೀಳುತ್ತಿದ್ದ.

ಇದನ್ನು ಕಲಿಸಿದ್ದು ಅವನ ಗುರು ಓನೋಡೆರಾ. ಅವರ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಆ ದಿನ ಯಾರ ಬೆನ್ನು ನೆಲಕ್ಕೆ ಹತ್ತಿತೋ ಅವರು ಸಂಜೆ ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ, ಸೊಂಟ ಮೇಲೆತ್ತಿ, ಗೋಡೆಯಿಂದ ಗೋಡೆಗೆ ಓಡುತ್ತಾ ಇಡೀ ನೆಲ ಒರೆಸಬೇಕು. ಮಿಕ್ಕವರು ಗೋಡೆಗೊರಗಿ ನೋಡಬೇಕು. ಗುರುಗಳು ಬೈಯುತ್ತಿರಲಿಲ್ಲ. ಬಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರು, ಅಷ್ಟೆ. ಅಷ್ಟಕ್ಕೇ ಆಳೆತ್ತರದ ಗಂಡಸರ ಕಣ್ಣು ತುಂಬುತ್ತಿತ್ತು. ಇಸಾಮು ಮಾತ್ರ ಆ ಬಟ್ಟೆ ಮುಟ್ಟಿದವನಲ್ಲ.

ಇಪ್ಪತ್ತೊಂಬತ್ತಾದರೂ ದೇಶದ ತಂಡದಲ್ಲಿ ಜಾಗ ಸಿಗಲಿಲ್ಲ. ಅವನಿಗೆ ಉಳಿದದ್ದು ಎರಡೇ ದಾರಿ. ಯಾವುದಾದರೂ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಬೇಕು, ಇಲ್ಲವೇ ಪಂಜರ ಸೇರಬೇಕು. ಪಂಜರವೆಂದರೆ ಕುಸ್ತಿ, ಬಾಕ್ಸಿಂಗ್, ಜೂಡೋ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದ ಕಾಳಗ. ಸುತ್ತ ಬಲೆ, ಮೇಲೆ ದೀಪ, ಹೊರಗೆ ಬಿಯರ್ ಹಿಡಿದ ಜನ. ಟೋಕಿಯೋದ ಒಂದು ಕಂಪನಿ ಕರೆಯಿತು, ಅವನು ಹೋದ.

ಮೊದಲ ಆರು ಕಾಳಗಗಳನ್ನು ಸಲೀಸಾಗಿ ಗೆದ್ದ. ಎದುರಾಳಿಯ ಕಾಲೆಳೆದು ಕೆಡವುವುದು, ಮೇಲೆ ಕೂತು ಗುದ್ದುವುದು. ಅವನ ಬೆನ್ನಿನ ಸುದ್ದಿ ತಿಳಿದು ಕಂಪನಿಯವರಿಗೆ ಹಬ್ಬವಾಯಿತು. 'ನೆಲ ಮುಟ್ಟದ ಬೆನ್ನು' ಎಂದು ಅಚ್ಚು ಹಾಕಿದ ಅಂಗಿಗಳು ಮಾರಾಟಕ್ಕೆ ಬಂದವು. ಒಬ್ಬನ ಹಠ ಒಮ್ಮೆ ಅಂಗಿಯ ಮೇಲೆ ಅಚ್ಚಾಯಿತೆಂದರೆ, ಅದನ್ನು ಬಿಡುವ ಅಧಿಕಾರ ಅವನಿಗೂ ಉಳಿಯುವುದಿಲ್ಲ.

ಅಲ್ಲಿ ನೆಲದ ಪಟ್ಟುಗಳನ್ನು ಕಲಿಸುತ್ತಿದ್ದವಳು ಕಯೋ ಎಂಬ ಹೆಂಗಸು. ವರ್ಷಗಟ್ಟಲೆ ನೆಲಕ್ಕೆ ಉಜ್ಜಿಸಿಕೊಂಡು ಅವಳ ಎರಡೂ ಕಿವಿ ಹೂಕೋಸಿನ ಹಾಗಾಗಿದ್ದವು. ಆರನೆಯ ಗೆಲುವಿನ ಮೇಲೆ ಕಂಪನಿ ಅವನನ್ನು ಅವಳ ಬಳಿ ಕಲಿಯಲು ಕಳಿಸಿತು. ಮೊದಲ ದಿನವೇ ಅವಳು ಹೇಳಿದಳು:

"ಕುವಾಬಾರ ಅವರೇ, ಸ್ವಲ್ಪ ಅಂಗಾತ ಮಲಗಿ."

"ಅದು ಸೋತವರ ಕೆಲಸ."

"ನಿಮ್ಮ ಗರಡೀಲಿ. ಇಲ್ಲಿ ಅಂಗಾತ ಇದ್ದೋನಿಗೆ ಎರಡು ಕೈ, ಎರಡು ಕಾಲು ಮುಂದೇ ಇರ್ತವೆ, ತಡ್ಕೋಬಹುದು. ಬೋರಲಾದೋನ ಬೆನ್ನೇರಿ ಹಿಂದಿನಿಂದ ಕತ್ತು ಹಿಸುಕ್ತಾರೆ. ಹಿಸುಕೋನ ಮುಖಾನೂ ಕಾಣಲ್ಲ."

"ನನ್ನನ್ನ ಕೆಡವೋನು ಇನ್ನೂ ಹುಟ್ಟಿಲ್ಲ ಬಿಡಿ."

"ಹುಟ್ಟಿ ಎಷ್ಟೋ ವರ್ಷ ಆಯ್ತು. ಈಗ ಯಾವುದೋ ಊರಲ್ಲಿ ಕೂತು ತಿಂಡಿ ತಿಂತಾ ಇರ್ತಾನೆ."

ಇಸಾಮು ನಗುತ್ತಲೇ ಮಲಗಿದ. ಮೂರು ಎಣಿಸುವಷ್ಟರಲ್ಲಿ ಮೈ ತಾನಾಗಿ ಹೊರಳಿತು. ಕಯೋ ಮತ್ತೆ ಮಲಗಿಸಿದಳು. ಮತ್ತೆ ಹೊರಳಿತು.

"ಇದೊಂದು ಕಲಿಯೋ ತನಕ ಪ್ರಶಸ್ತಿ ಕಾಳಗ ಒಪ್ಕೋಬೇಡಿ," ಅಂದಳು. ಅವನು ಆಗಲೇ ಒಪ್ಪಿಕೊಂಡಾಗಿತ್ತು.

ಆ ಕಾಳಗಕ್ಕೆ ಓನೋಡೆರಾ ಅವರೂ ರೈಲು ಹತ್ತಿ ಬಂದರು. ಕಂದು ಬೂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಕೊನೆಯ ಸುತ್ತಿನಲ್ಲಿ ಇಸಾಮು ಅಂಕಗಳಲ್ಲಿ ಮುಂದಿದ್ದ. ಇನ್ನು ನಲವತ್ತು ಸೆಕೆಂಡು ತಳ್ಳಿದರೆ ಪ್ರಶಸ್ತಿ ಅವನದು. ಅಷ್ಟರಲ್ಲಿ, ಎಲ್ಲೋ ತಿಂಡಿ ತಿನ್ನುತ್ತಿದ್ದ ಆ ಎದುರಾಳಿ ಅವನ ಕಾಲಿಗೆ ಅಡ್ಡಗಾಲು ಕೊಟ್ಟ. ಹೊರಳಲು ಹೊತ್ತು ಸಾಲಲಿಲ್ಲ. ಇಸಾಮುವಿನ ಬೆನ್ನಿಗೆ ನೆಲ ತಣ್ಣಗೆ ತಾಗಿತು.

"ಹಾಗೇ ಇರಿ!" ಕಯೋ ಬಲೆಯಾಚೆಯಿಂದ ಕಿರುಚಿದಳು. "ಅವನನ್ನ ತಬ್ಬಿ ಹಿಡೀರಿ! ಮಲಗೇ ಇರಿ, ಗೆದ್ದಾಯ್ತು!"

ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಸುಮ್ಮನೆ ಬಿದ್ದುಕೊಂಡಿದ್ದರೆ ಸಾಕಿತ್ತು. ಆದರೆ ತಲೆ ಒಂದು ಕಡೆ ವಾಲಿತ್ತು, ಕಣ್ಣಿಗೆ ಬಿದ್ದದ್ದು ಗುರುಗಳ ಕಂದು ಬೂಟು. ಅದು ಏನನ್ನೋ ಮುಂದಕ್ಕೆ ತಳ್ಳಲು ಕಾದಿರುವಂತೆ ಕಂಡಿತು.

ಇಸಾಮು ಹೊರಳಿ ಬೋರಲಾದ.

ಎದುರಾಳಿ ಬೆನ್ನೇರಿ ಕತ್ತಿಗೆ ತೋಳು ಬಿಗಿದ. ಕೈಯಿಂದ ನೆಲ ತಟ್ಟಿ 'ಸಾಕು' ಎನ್ನಬಹುದಿತ್ತು. ಕೈ ಬರಲಿಲ್ಲ. ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಅಂಗಾತ ಮಲಗಿದ್ದ. ವೈದ್ಯರು ಹಾಗೆ ಮಲಗಿಸಿದ್ದರು. ಐದು ಸಾವಿರ ಜನ ನೋಡುತ್ತಿದ್ದರು. ಅವನು ಮಾಡಿದ ಮೊದಲ ಕೆಲಸವೆಂದರೆ ಹೊರಳಲು ಹೆಣಗಿದ್ದು.

ಬಟ್ಟೆ ಬದಲಿಸುವ ಕೋಣೆಗೆ ಓನೋಡೆರಾ ಬಂದರು. ಇಸಾಮು ತಲೆ ತಗ್ಗಿಸಿದ.

"ಗುರುಗಳೇ, ಬೆನ್ನು ಹತ್ತಿಬಿಟ್ಟಿತು. ಕ್ಷಮಿಸಿ."

"ಅದಿರಲಿ, ಯಾಕೋ ಹೊರಳಿದೆ? ಆ ಹೆಂಗಸು ಅಷ್ಟು ಬಡ್ಕೋತಿದ್ದಳು, ನನಗೇ ಅರ್ಥವಾಯ್ತು."

"ನೀವು ನೋಡ್ತಿದ್ದಿರಿ… ಆ ಬಟ್ಟೆ…"

"ಯಾವ ಬಟ್ಟೆ?" ಮುದುಕರಿಗೆ ಕ್ಷಣ ಹೊಳೆಯಲಿಲ್ಲ. ಹೊಳೆದೊಡನೆ ನಕ್ಕೇಬಿಟ್ಟರು. "ಅಯ್ಯೋ ಹುಚ್ಚಪ್ಪಾ! ಯಾವುದೋ ಒಂದು ವರ್ಷ ನಮ್ಮ ಗರಡಿ ಒರೆಸೋ ಅಜ್ಜಿ ಕೆಲಸ ಬಿಟ್ಟಳು. ದಿನಾ ಯಾರಿಗೆ ಹೇಳೋದು ಅನ್ನೋದೇ ತಲೆನೋವು. ಬಿದ್ದೋರು ಒರೆಸ್ಲಿ ಅಂದೆ. ಚೆನ್ನಾಗಿ ನಡೀತು, ಮುಂದುವರಿಸಿದೆ."

ಇಸಾಮುವಿಗೆ ನಗು ಬರಲಿಲ್ಲ. ಕತ್ತು ಆಡಿಸಲೂ ಆಗುತ್ತಿರಲಿಲ್ಲ.

ನಿಜ ತಿಳಿದಿತ್ತು, ಆದರೆ ಮೈಗೆ ಯಾರು ಹೇಳಬೇಕು? ಮುಂದಿನ ನಾಲ್ಕೂ ಕಾಳಗ ಹಾಗೆಯೇ ಸೋತ. ಕೆಡವಿದರೆ ಸಾಕು, ಅವನೇ ಹೊರಳಿ ಕತ್ತು ಕೊಡುತ್ತಾನೆಂದು ಎಲ್ಲರಿಗೂ ಗೊತ್ತಾಗಿತ್ತು. ಕಂಪನಿ ಅವನನ್ನು ಬಿಟ್ಟಿತು. ಬಿಡುವಾಗ ಮಾರಾಟವಾಗದ ಅಂಗಿಗಳ ಒಂದು ಪೆಟ್ಟಿಗೆಯನ್ನು ನೆನಪಿಗಿರಲಿ ಎಂದು ಕೊಟ್ಟಿತು.

ಅವನು ಊರಿಗೆ ಮರಳಿದ. ಓನೋಡೆರಾ ಅವರಿಗೆ ವಯಸ್ಸಾಗಿತ್ತು, ಗರಡಿಯನ್ನು ಅವನಿಗೇ ವಹಿಸಿದರು. ಮೊದಲ ಸಂಜೆ ಮಿಸುಜು ಎಂಬ ಹತ್ತೊಂಬತ್ತರ ಹುಡುಗಿಯ ಬೆನ್ನು ನೆಲಕ್ಕೆ ಹತ್ತಿತು. ಮಿಕ್ಕವರು ತಾವಾಗಿಯೇ ಹೋಗಿ ಗೋಡೆಗೊರಗಿ ನಿಂತರು.

"ಗುರುಗಳೇ, ಒರೆಸೋ ಬಟ್ಟೆ ಎಲ್ಲಿದೆ?" ಅವಳು ಕೇಳಿದಳು.

ಇಸಾಮು ಬಾಯಿ ತೆರೆದ. ಹೇಳಬೇಕಾದದ್ದು ಒಂದೇ ಮಾತು, ಒಬ್ಬ ಅಜ್ಜಿ ಕೆಲಸ ಬಿಟ್ಟ ಮಾತು. ಅದನ್ನು ಹೇಳಿದರೆ ತನ್ನ ಹನ್ನೊಂದು ವರ್ಷ ಏನಾಗಿತ್ತು ಎಂಬುದನ್ನೂ ಹೇಳಿದಂತಾಗುತ್ತಿತ್ತು. ಗೋಡೆಗೊರಗಿದವರು ಅವನ ಬೆನ್ನನ್ನೇ ನೋಡುತ್ತಿದ್ದರು, ಗೌರವದಿಂದ.

ಬಾಯಿ ಮುಚ್ಚಿದ. ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದು ನೀರಲ್ಲಿ ಅದ್ದಿ ನೆಲಕ್ಕೆ ಹಾಕಿದ. ಆಮೇಲೆ ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದ.

ಮಿಸುಜು ಒರೆಸಿದಳು. ಒಂದು ವಾರದೊಳಗೆ ಬೋರಲು ಬೀಳುವುದನ್ನು ಕಲಿತಳು.

ನೀತಿ: ಯಾರದೋ ಅನುಕೂಲಕ್ಕೆ ಹುಟ್ಟಿದ ಕಟ್ಟಳೆಯನ್ನೇ ಮಾನವೆಂದು ನಂಬಿದವನು ಮೋಸ ಹೋದವನು, ಅವನ ಮೇಲೆ ಮರುಕವಿರಲಿ. ನಿಜ ತಿಳಿದ ಮೇಲೂ ಅದನ್ನು ಇನ್ನೊಬ್ಬರ ಮುಂದಕ್ಕೆ ತಳ್ಳಿದವನು ಮೋಸ ಮಾಡಿದವನು, ಅವನಿಗೆ ಮರುಕ ಬೇಡ. ಹೆಚ್ಚಿನ ಸಲ ಇಬ್ಬರೂ ಒಬ್ಬನೇ ಆಗಿರುತ್ತಾನೆ.