ತೊಳೆಯದೆ ಬಿಟ್ಟ ತಟ್ಟೆ

ನೇಪಾಳದ ಬೆಟ್ಟವೊಂದರ ಮೇಲೆ ಮಕ್ಕಳ ಶಾಲೆಯೊಂದಿತ್ತು. ಗದಗಿನ ಕಡೆಯ ಶಿವಬಸಯ್ಯನವರು ಹರೆಯದಲ್ಲಿ ಅಲ್ಲಿಗೆ ಹೋದವರು ಅಲ್ಲೇ ಮುದುಕರಾಗಿದ್ದರು. ಮಕ್ಕಳಿಗೂ ಅವರೇ ಗುರು, ಸೇವೆಗೆಂದು ಬರುವ ದೊಡ್ಡವರಿಗೂ ಅವರೇ.

ತುಮಕೂರಿನ ವಾರಿಜ ಇದ್ದ ಟೀಚರ್ ಕೆಲಸ ಬಿಟ್ಟು, ಮನೆಯವರ ಮಾತು ಮೀರಿ ಅಲ್ಲಿಗೆ ಬಂದಳು. ಬ್ಯಾಗಿನಲ್ಲಿ ಬಣ್ಣದ ಪೆನ್ಸಿಲ್ಲು, ಚಾರ್ಟು, ಒಂದು ಗ್ಲೋಬು. ಹುಮ್ಮಸ್ಸಿಗಂತೂ ಬ್ಯಾಗಿನಲ್ಲಿ ಜಾಗವೇ ಸಾಲದು.

ಗುರುಗಳ ಕಾಲು ಮುಟ್ಟಿ ಕೇಳಿದಳು: "ಪಾಠ ಯಾವಾಗ ಶುರು ಮಾಡ್ಲಿ ಗುರುಗಳೇ?"

"ಮಕ್ಕಳು ತಾವಾಗೇ ಬಂದು ಹೆಸರು ಹೇಳ್ತಾವಲ್ಲ, ಆವತ್ತ ಶುರು ಮಾಡು ತಂಗಿ."

ಇದೇನು ಮಹಾ ಎಂದುಕೊಂಡಳು ವಾರಿಜ.

ಸಂಜೆ ಎಲ್ಲರೂ ಸಾಲಾಗಿ ಕೂತು ಅನ್ನ, ಬೇಳೆ ಉಂಡರು. ಊಟ ಮುಗಿದದ್ದೇ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ವಾರಿಜಳ ತಟ್ಟೆಗೆ ಕೈ ಹಾಕಿದಳು. ವಾರಿಜ ಗಾಬರಿಯಾಗಿ ತಟ್ಟೆ ಕಿತ್ತುಕೊಂಡಳು. ತನ್ನ ಎಂಜಲು ತಟ್ಟೆಯನ್ನು ಮಗುವಿನ ಕೈಯಲ್ಲಿ ತೊಳೆಸುವುದೇ? ಝರಿಗೆ ಹೋಗಿ, ಬೂದಿ ಹಚ್ಚಿ ತಿಕ್ಕಿ, ಫಳಫಳ ಹೊಳೆಯಿಸಿ ಗೋಡೆಗೆ ಒರಗಿಸಿಟ್ಟಳು. ಒಳ್ಳೆಯದು ಮಾಡಿದ ಸಮಾಧಾನಕ್ಕೆ ನಿದ್ದೆ ಚೆನ್ನಾಗಿ ಬಂತು.

ಮಾರನೇ ದಿನ ಒಂದು ಮಗುವೂ ಹತ್ತಿರ ಸುಳಿಯಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಪೆನ್ಸಿಲ್ ಕೊಟ್ಟರೆ ಇಸಿದುಕೊಂಡು ಓಡಿದವು. ಮುರುಕು ನೇಪಾಳಿಯಲ್ಲಿ ಹೆಸರು ಕೇಳಿದರೆ ತಲೆ ತಗ್ಗಿಸಿದವು.

ವಾರಿಜಳಿಗೆ ಅಳು ಬಂತು. ಎಲ್ಲ ಬಿಟ್ಟು ಬಂದಾಗಿತ್ತು. ಬೇಡವೆನಿಸಿಕೊಂಡು ಊರಿಗೆ ಹೋಗಿ ಯಾರಿಗೆ ಮುಖ ತೋರಿಸುವುದು?

ಮಧ್ಯಾಹ್ನದ ಊಟವಾದ ಮೇಲೆ ಗುರುಗಳನ್ನು ಕೇಳಿಯೇಬಿಟ್ಟಳು. "ಮಕ್ಕಳಿಗೆ ನಾನು ಯಾಕೆ ಬೇಡ?"

"ಹೋಗೋರಿಗೆ ಹೆಸರು ಹೇಳಿ ಏನ್ ಮಾಡ್ಯಾವು?"

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ರು?"

"ನೀನ ಹೇಳಿದಿ. ಬಂದ ದಿನಾನ."

ಅವರು ಊಟದ ಸಾಲಿನತ್ತ ಕೈ ತೋರಿಸಿದರು. ಅಲ್ಲಿ ಯಾರೂ ತಮ್ಮ ತಟ್ಟೆ ತೊಳೆಯುತ್ತಿರಲಿಲ್ಲ. ಒಬ್ಬೊಬ್ಬರೂ ಪಕ್ಕದವರ ತಟ್ಟೆ ಎತ್ತಿಕೊಂಡು ಝರಿಗೆ ಹೊರಟಿದ್ದರು. ಗುರುಗಳ ಕೈಯಲ್ಲಿದ್ದದ್ದೂ ಒಬ್ಬ ಹುಡುಗನ ತಟ್ಟೆ.

"ಊರಿಗೆ ಹೊಂಟೋರು ಅಷ್ಟ ತಮ್ಮ ತಟ್ಟೆ ತಾವ ತೊಳೀತಾರ," ಎಂದರು. "ಮರುದಿನ ಮುಂಜಾನಿ ಬಸ್ಸು ಹತ್ತತಾರ. ಆ ಹುಡುಗಿ ಹಂಗ ತೊಳೆದಿಟ್ಟ ತಟ್ಟೆ ಭಾಳ ನೋಡ್ಯಾಳ."

ವಾರಿಜ ಕೇಳಿದಳು: "ಈಗೇನು ಮಾಡ್ಲಿ?"

"ಊಟ ಮಾಡು."

ಅಂದು ಸಂಜೆ ವಾರಿಜ ಉಂಡೆದ್ದು, ಆ ಹುಡುಗಿಯ ತಟ್ಟೆ ತೊಳೆದು ತಂದಳು. ತನ್ನದನ್ನು ಹಾಗೇ ಬಿಟ್ಟಳು. ಹುಡುಗಿ ಕಂಬಕ್ಕೊರಗಿ ನೋಡಿದಳೇ ಹೊರತು ಕೈ ಚಾಚಲಿಲ್ಲ.

ಬೆಳಗ್ಗೆಯೂ ತಟ್ಟೆ ಅಲ್ಲೇ ಇತ್ತು. ಇರುವೆ ಹತ್ತಿತ್ತು. ಎಂಜಲು ತಟ್ಟೆಯನ್ನು ರಾತ್ರಿಯಿಡೀ ಬಿಡುವ ಮನೆಯಲ್ಲಿ ಬೆಳೆದವಳಲ್ಲ ವಾರಿಜ. ಕೈ ತಡೆಯಲಾರದೆ ಎರಡು ಸಲ ಹತ್ತಿರ ಹೋದಳು, ಎರಡು ಸಲವೂ ಹಿಂದೆ ಬಂದಳು. ತಟ್ಟೆಯಿಲ್ಲದ್ದಕ್ಕೆ ಆ ಹೊತ್ತಿನ ಊಟವೂ ಇಲ್ಲ.

ಮಧ್ಯಾಹ್ನ ನೋಡಿದರೆ ತಟ್ಟೆ ಮಾಯ. ಸ್ವಲ್ಪ ಹೊತ್ತಿಗೆ ಹುಡುಗಿ ಅದನ್ನು ಒದ್ದೆ ಕೈಯಲ್ಲಿ ಹಿಡಿದು ಎದುರಿಗೆ ಬಂದು ನಿಂತಳು. ಎದೆ ಮುಟ್ಟಿಕೊಂಡು, "ಫೂಲ್‌ಮಾಯಾ," ಎಂದಳು.

ವಾರಿಜ ತಟ್ಟೆ ಹಿಡಿದು ಗುರುಗಳ ಬಳಿ ಓಡಿದಳು. ಕಣ್ಣು ತುಂಬಿತ್ತು.

"ಹೆಸರು ಹೇಳಿದ್ಲು ಗುರುಗಳೇ! ತಟ್ಟೇನೂ ತೊಳೆದ್ಲು!"

ಗುರುಗಳು ತಟ್ಟೆ ನೋಡಿದರು. ಆಗ ವಾರಿಜಳೂ ನೋಡಿದಳು. ಅಂಚಿನಲ್ಲಿ ಬೂದಿ. ನಡುವೆ ಒಣಗಿದ ಅಗುಳು ಅಂಟಿಕೊಂಡೇ ಇದ್ದವು.

ಫೂಲ್‌ಮಾಯಾ ಬಾಗಿಲಲ್ಲಿ ನಿಂತಿದ್ದಳು.

"ಪಾಪ, ಚಿಕ್ಕ ಮಗು," ಎಂದಳು ವಾರಿಜ, ಮೆಲ್ಲಗೆ. "ಊಟಕ್ಕೆ ಮುಂಚೆ ಒಂದ್ಸಲ ತೊಳ್ಕೊಂಡು ಬಂದ್ಬಿಡ್ಲಾ?"

"ತೊಳಕೋ ತಂಗಿ," ಎಂದರು ಗುರುಗಳು. "ಮುಂಜಾನಿ ಬಸ್ಸು ಐತಿ."