ತೊಟ್ಟಿಲ ಕೊಂಡಿ

“ಅವ್ವಾ, ಒಬ್ಬನ ಮೇಲೆ ಕೆಟ್ಟ ಮಾತು ಕೇಳಿ ಬಂತು. ಹೇಳಿದವನಿಗೆ ಅದರಿಂದ ಏನೂ ಸಿಗುವ ಹಾಗಿಲ್ಲ. ಹಾಗಿದ್ದ ಮೇಲೆ ಆ ಮಾತನ್ನು ನಂಬಬಹುದಲ್ಲವೇ?”

ಕೇಳಿದವನು ಶಿಷ್ಯ ಬಸಲಿಂಗ. ಮಠದ ಉಗ್ರಾಣದಲ್ಲಿ ಗುರುಪಾದಯ್ಯನ ಕೈಕೆಳಗೆ ಕೆಲಸ ಮಾಡುವವನು. ಬೀಗದ ಕೈ ಗುರುಪಾದಯ್ಯನ ಸೊಂಟದಲ್ಲಿರುತ್ತಿತ್ತು. ಅವನು ಅಳೆದು ಕೊಟ್ಟದ್ದನ್ನು ಅಡುಗೆಮನೆಗೆ ಹೊತ್ತು ಹಾಕುವುದು ಇವನ ಪಾಲು. ಅವ್ವ ಆ ಮಠದ ಗುರು. ಓದು ಬರಹ ಅಷ್ಟಕ್ಕಷ್ಟೆ. ಸಹಿ ಮಾಡಲು ಬರುತ್ತಿತ್ತು, ಅದೂ ನಿಧಾನವಾಗಿ. ಆದರೆ ಊರಿನ ಯಾವ ಸೊಸೆ ಯಾಕೆ ಮುನಿಸಿಕೊಂಡು ತವರಿಗೆ ಹೊರಟಳು ಎಂಬುದು, ಅವಳು ಬಸ್ಸು ಹತ್ತುವ ಮೊದಲೇ ಅವ್ವನಿಗೆ ಗೊತ್ತಿರುತ್ತಿತ್ತು.

“ಕೆಟ್ಟ ಮಾತು ಎಂದರೆ ಎಷ್ಟು ಕೆಟ್ಟದ್ದು? ಪೂರ್ತಿ ಹೇಳು. ಅರ್ಧ ಹೇಳಿದರೆ ನನಗೆ ಊಟ ಸೇರುವುದಿಲ್ಲ.”

“ಗುರುಪಾದಯ್ಯ ಹಿತ್ತಲ ಬಾಗಿಲಿನಿಂದ ತುಪ್ಪ ಸಾಗಿಸುತ್ತಾನಂತೆ. ಮೇಲಿನ ಓಣಿಯಲ್ಲಿ ಗಂಡ ಸತ್ತ ಒಬ್ಬಾಕೆಯ ಮನೆಗೆ.”

“ತುಪ್ಪ ಒಂದೇ ಹೋಗುತ್ತದೋ, ಜೊತೆಗೆ ಅವನೂ ಹೋಗುತ್ತಾನೋ?”

“ಅವನೂ ಹೋಗುತ್ತಾನಂತೆ.”

“ಈ ವಯಸ್ಸಿನಲ್ಲಿ! ನನ್ನ ಎದುರಿಗೆ ಮೊಣಕಾಲು ನೋವೆಂದು ನರಳುತ್ತಾನಲ್ಲ. ಯಾರು ಹೇಳಿದರು?”

“ಹೆಸರು ಬೇಡವ್ವಾ. ಅವನಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಮಠದ ಮರ್ಯಾದೆಗಾಗಿ ಹೇಳಿದ. ಗುರುಪಾದಯ್ಯನನ್ನು ನಾಳೆಯೇ ಕಳಿಸಿಬಿಡುವುದು ಒಳ್ಳೆಯದು.”

ಅವ್ವ ಎಲೆಯ ತೊಟ್ಟು ಮುರಿದು ಸುಣ್ಣ ಹಚ್ಚಿದರು.

“ಕೂತುಕೋ. ಮನೆ ಕೊಳ್ಳಲು ಹೋದವರ ಕತೆ ಹೇಳುತ್ತೇನೆ. ಆಮೇಲೆ ಗುರುಪಾದಯ್ಯನನ್ನು ಕಳಿಸೋಣ.”

ಒಬ್ಬ ಬಳೆಗಾರ ಇದ್ದ. ಪೇಟೆಯಲ್ಲಿ ಅಂಗಡಿ. ಅಂಗಡಿಯಲ್ಲಿ ಅವನು ಕೂರುತ್ತಿದ್ದ, ಮನೆಮನೆಗೆ ಹೋಗಿ ಬಳೆ ತೊಡಿಸುವವಳು ಅವನ ಹೆಂಡತಿ. ಹೆಂಗಸರ ಮಣಿಕಟ್ಟು ಹಿಡಿದರೆ ಸಾಕು, ಆ ಮನೆಯ ಒಳಗುಟ್ಟೆಲ್ಲ ತನಗೆ ತಿಳಿಯುತ್ತದೆ ಎಂದು ಅವಳ ನಂಬಿಕೆ. ಅತ್ತೆ ಎದುರಿಗಿದ್ದರೆ ಬೆರಳು ಬಿಗಿ ಮಾಡುವ ಸೊಸೆ ಯಾರು, ಗಂಡನ ಕೆಮ್ಮು ಕೇಳಿದರೆ ಕೈ ಎಳೆದುಕೊಳ್ಳುವವಳು ಯಾರು, ಎಲ್ಲ ಅವಳ ಬಾಯಲ್ಲಿತ್ತು. ಯಾರ ಮನೆ ಹೇಗೆ ಎಂದು ಊರವರು ಅವಳನ್ನು ಕೇಳುತ್ತಿದ್ದರು. ಕೇಳದಿದ್ದವರಿಗೂ ಅವಳು ಹೇಳುತ್ತಿದ್ದಳು.

ಅವರದು ಬಾಡಿಗೆ ಮನೆ. ಮಗಳನ್ನು ಒಳ್ಳೆಯ ಕಡೆ ಕೊಟ್ಟಿದ್ದರು. ಅವಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದು ತಪ್ಪಿದರೆ ಬೀಗರು ಹುಟ್ಟಿದ ಕೂಸಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಬಾಡಿಗೆ ಮನೆಯ ಯಜಮಾನಿ ಬಂದು ಬಾಗಿಲಲ್ಲೇ ನಿಂತು ಹೇಳಿದಳು, “ಹೆರಿಗೆ ಆಸ್ಪತ್ರೆಯಲ್ಲಾಗಲಿ, ಯಾರು ಬೇಡ ಎಂದರು? ಅಲ್ಲಿಂದ ನೇರ ಇಲ್ಲಿಗೆ ಕರೆತರಬೇಡಿ. ಹಸಿಬಾಣಂತಿ ನಮ್ಮ ಮನೆಗೆ ಆಗಿಬರುವುದಿಲ್ಲ.”

ಗಂಡ ಹೆಂಡತಿ ಅಂದೇ ಸ್ವಂತ ಮನೆ ಕೊಳ್ಳಬೇಕೆಂದು ನಿಶ್ಚಯಿಸಿದರು. ಕೂಡಿಟ್ಟದ್ದು ಇತ್ತು. ಬೇಕಾದದ್ದು ಮನೆ ಮಾತ್ರ, ಅದೂ ಮಗಳ ದಿನ ತುಂಬುವುದರೊಳಗೆ.

ಒಬ್ಬ ದಲ್ಲಾಳಿಯನ್ನು ಹಿಡಿದರು. ಅವನು ಸ್ಕೂಟರಿನಲ್ಲಿ ಬಂದ. ಕೂರುವ ಮೊದಲೇ ಹೇಳಿದ, “ಅಕ್ಕಾ, ಮಾರುವವರಿಂದಲೂ ನನಗೆ ಕಮಿಷನ್ ಬರುತ್ತದೆ, ನಿಮ್ಮಿಂದಲೂ ಬರುತ್ತದೆ. ಈಗಲೇ ಹೇಳಿದ್ದೇನೆ. ಆಮೇಲೆ ಮುಖ ಗಂಟು ಹಾಕಬೇಡಿ.”

“ಬಾಯಿ ಜೋರಿದೆ,” ಎಂದು ಬಳೆಗಾರ ಹೆಂಡತಿಯ ಕಿವಿಯಲ್ಲಿ ಹೇಳಿದ.

ದಲ್ಲಾಳಿ ಒಂದು ಮನೆ ತೋರಿಸಿದ. ಅದು ಅಣ್ಣತಮ್ಮಂದಿರ ಮನೆ. ಒಬ್ಬ ತಮ್ಮ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದು ಮಾವನ ಮನೆ ಸೇರಿದ್ದ. ಇನ್ನೊಂದು ತೋರಿಸಿದ. ಅದರ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಬಾಣಂತಿ ಇರಲಿ, ಬೆಕ್ಕು ಕೂಡ ಯೋಚಿಸಿ ಹತ್ತಬೇಕು. ಕೊನೆಗೆ ಒಂದು ಮನೆಗೆ ಕರೆದುಕೊಂಡು ಹೋದ. ಅದು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಒಬ್ಬ ವಿಧವೆಯ ಮನೆ. ಆಕೆ ಮಗಳ ಊರಿಗೆ ಹೋಗಿ ನೆಲೆಸುವವಳಿದ್ದಳು.

ಬಾಗಿಲು ತೆಗೆಯುತ್ತಲೇ ದಲ್ಲಾಳಿ ಹೇಳಿದ, “ಬಚ್ಚಲ ನೀರು ಸರಿಯಾಗಿ ಹೋಗುವುದಿಲ್ಲ, ಕಲ್ಲು ಎತ್ತಿ ಮತ್ತೆ ಹಾಕಿಸಬೇಕು. ಪಡಸಾಲೆಯ ಒಂದು ಮೂಲೆ ಸೋರುತ್ತದೆ. ಕಾಗದ ಪತ್ರದಲ್ಲಿ ತಕರಾರಿಲ್ಲ.”

ಬಳೆಗಾರನ ಹೆಂಡತಿ ಒಳಕೋಣೆಗೆ ಹೋದಳು. ಬಚ್ಚಲಿಗೆ ಹತ್ತಿರ, ಗಾಳಿ ಹೊಡೆಯದ ಕೋಣೆ. ಬಾಣಂತಿಯ ಹೊರಸು ಎಲ್ಲಿ, ಕೆಂಡದ ಅಗ್ಗಿಷ್ಟಿಕೆ ಎಲ್ಲಿ ಎಂದು ಅವಳ ಕಣ್ಣು ಆಗಲೇ ಜಾಗ ಹಿಡಿದಿತ್ತು. ಬಾಯಿ ಮಾತ್ರ, “ನೋಡೋಣ,” ಎಂದಿತು.

ಆ ಊರಿನಲ್ಲಿ ಒಂದು ಪದ್ಧತಿ. ಮುಂಗಡ ಕೊಡುವ ಮೊದಲು ಕೊಳ್ಳುವ ಮನೆಯ ಹೆಂಗಸು ಏನಾದರೂ ನೆಪ ಮಾಡಿ ಪಕ್ಕದ ಮನೆಗೆ ಹೋಗುತ್ತಾಳೆ. ಗೋಡೆಗೆ ಗೋಡೆ ಹತ್ತಿದವರಿಗೆ ಗೊತ್ತಿಲ್ಲದ್ದು ಇರುವುದಿಲ್ಲ ಎಂದು ಲೆಕ್ಕ. ಬಳೆಗಾರನ ಹೆಂಡತಿಗೆ ನೆಪ ಹುಡುಕುವ ಕಷ್ಟವಿರಲಿಲ್ಲ. ಬಳೆಯ ಮಲಾರ ಹೊತ್ತು ಹೋದಳು. ಪಕ್ಕದ ಮನೆಯಾಕೆಯ ಮಣಿಕಟ್ಟು ಹಿಡಿದಳು.

“ಈ ಪಕ್ಕದ ಮನೆ ಕೊಳ್ಳಬೇಕೆಂದಿದ್ದೇವೆ. ಮಗಳಿಗೆ ಚೊಚ್ಚಲು. ಬಾಡಿಗೆ ಮನೆಗೆ ಹಸಿಬಾಣಂತಿಯನ್ನು ತರಬೇಡಿ ಎನ್ನುತ್ತಾರೆ. ಮನೆ ಹೇಗಿದೆ, ನೀವೇ ಹೇಳಬೇಕು.”

ನೋಡಿದೆಯಾ ಬಸಲಿಂಗಾ, ಅವಳ ಜಾಣತನ? ಎಲ್ಲಿ ನೋಯುತ್ತದೆ ಎಂದು ತಾನೇ ಬೆರಳಿಟ್ಟು ತೋರಿಸಿದಳು. ಕೇಳಿದ್ದು ಆಮೇಲೆ.

“ಅಯ್ಯೋ, ಚೊಚ್ಚಲೇ?” ಎಂದಳು ಪಕ್ಕದ ಮನೆಯಾಕೆ. “ನಾನು ಏನೂ ಹೇಳುವುದಿಲ್ಲ ನಮ್ಮವ್ವಾ. ನನಗೆ ಯಾಕೆ ಊರ ಉಸಾಬರಿ? ಚಹಾ ಕುಡಿಯಿರಿ.”

ಏನೂ ಹೇಳುವುದಿಲ್ಲ ಎಂದವರ ಮನೆಯ ಚಹಾ ಬೇಗ ಮುಗಿಯುವುದಿಲ್ಲ. ಬಟ್ಟಲು ಖಾಲಿಯಾಗುವುದರೊಳಗೆ ಅವಳು ಎಲ್ಲ ಹೇಳಿದಳು.

“ಆ ಒಳಕೋಣೆಯಲ್ಲಿ ಒಬ್ಬ ಬಾಣಂತಿ ತೀರಿಹೋದಳು. ಆವತ್ತಿನಿಂದ ಆ ಮನೆಯಲ್ಲಿ ತೊಟ್ಟಿಲು ತೂಗಿದ್ದೇ ಇಲ್ಲ. ದಲ್ಲಾಳಿ ಹೇಳಲಿಲ್ಲವೇ? ಅವನು ಹೇಗೆ ಹೇಳುತ್ತಾನೆ! ಗಂಡ ಇಲ್ಲದವಳ ಮನೆ ಮುಂದೆ ಅವನ ಸ್ಕೂಟರ್ ಎಷ್ಟು ಹೊತ್ತು ನಿಂತಿರುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ.”

ಬಳೆಗಾರನ ಹೆಂಡತಿ ಹಿಡಿದಿದ್ದ ಕೈಯನ್ನೇ ನೋಡುತ್ತಿದ್ದಳು. ಕೈ ನಡುಗಲಿಲ್ಲ, ಬಿಗಿಯಲಿಲ್ಲ, ಹಿಂದಕ್ಕೆ ಸರಿಯಲಿಲ್ಲ. ಬಳೆ ಸಲೀಸಾಗಿ ಏರಿತು. ಇವಳು ಹೇಳುವುದು ಸತ್ಯ ಎಂದು ಅವಳಿಗೆ ಖಾತ್ರಿಯಾಯಿತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಬಾಣಂತಿಯ ವಿಷಯ ಮೊದಲು, ಸ್ಕೂಟರಿನ ವಿಷಯ ಆಮೇಲೆ. ಸ್ಕೂಟರಿನ ವಿಷಯ ಎರಡು ಸಲ.

“ನಿಜವಿರಬೇಕು,” ಎಂದ ಬಳೆಗಾರ. “ದಲ್ಲಾಳಿ ಕಮಿಷನ್ನಿಗಾಗಿ ಮನೆ ಚೆನ್ನಾಗಿದೆ ಎನ್ನುತ್ತಾನೆ. ಈಕೆಗೆ ಏನು ಸಿಗುತ್ತದೆ? ಪಾಪ, ಚಹಾಪುಡಿ ಖರ್ಚು.”

ದಲ್ಲಾಳಿ ಮುಂಗಡದ ಮಾತಿಗೆ ಬಂದ. ಬಾಗಿಲಲ್ಲೇ ತಡೆದರು. ಕಾರಣ ಕೇಳಿದ. ಹೇಳಿದರು. ಅವನು ಜೇಬಿನಿಂದ ಬೀಗದ ಕೈ ತೆಗೆದ.

“ಅಕ್ಕಾ, ಆ ಕೋಣೆಯ ತೊಲೆಗೆ ತೊಟ್ಟಿಲ ಕೊಂಡಿ ಇದೆ. ಹಗ್ಗ ತಿಕ್ಕಿ ತಿಕ್ಕಿ ಅದರ ಒಳಮೈ ಸವೆದು ನುಣುಪಾಗಿದೆ. ಆ ತೊಟ್ಟಿಲಲ್ಲಿ ಮಲಗಿದ ಮಗಳ ಊರಿಗೇ ಆಕೆ ಹೋಗುತ್ತಿರುವುದು. ಬೀಗದ ಕೈ ಇಲ್ಲೇ ಇದೆ. ಬನ್ನಿ, ಹೊರಸಿನ ಮೇಲೆ ನಿಂತು ಕೈಯಿಟ್ಟು ನೋಡಿ.”

“ಕೊಂಡಿ ಯಾರು ಬೇಕಾದರೂ ಹಾಕಬಹುದು,” ಎಂದ ಬಳೆಗಾರ. “ನಿನಗೆ ಮನೆ ಮಾರಿದರೆ ಸಾಕು.”

“ಸಾಕು. ಅದನ್ನು ಮೊದಲ ದಿನವೇ ಹೇಳಿದ್ದೇನಲ್ಲ.”

“ನಿನ್ನ ಸ್ಕೂಟರಿನ ಕತೆಯೂ ಗೊತ್ತಾಗಿದೆ, ಹೋಗಪ್ಪಾ,” ಎಂದಳು ಹೆಂಡತಿ.

ದಲ್ಲಾಳಿಗೆ ತಿಳಿಯಲಿಲ್ಲ. ಹೊರಗೆ ಹೋಗಿ ಸ್ಕೂಟರನ್ನು ಒಂದು ಸುತ್ತು ಸುತ್ತಿ ನೋಡಿದ. ಚಕ್ರ ಎರಡೂ ಸರಿಯಾಗಿದ್ದವು. ಹತ್ತಿ ಹೋದ.

ಅಲ್ಲಿಗೆ ಮುಗಿಯಿತೇ? ಬಳೆ ತೊಡಿಸುವವಳ ಬಾಯಿಗೆ ಬಿದ್ದದ್ದು ಮುಗಿಯುವುದುಂಟೇ? ಪಕ್ಕದ ಮನೆಯಾಕೆ ಒಬ್ಬಳಿಗೆ ಹೇಳಿದ್ದಳು. ಇವಳು ಹೋದ ಮನೆಯಲ್ಲೆಲ್ಲ, ಹಿಡಿದ ಕೈಗೆಲ್ಲ ಹೇಳಿದಳು. ಬಾಯಿ ಬಿಡಬೇಡಿ ಎಂದು ಸೇರಿಸಿ ಹೇಳಿದಳು. ಆ ಮನೆ ನೋಡಲು ಬರುವವರು ನಿಂತರು. ವಿಧವೆ ಕಾದಳು, ಬೇಸತ್ತಳು. ಕೊನೆಗೆ ಕೇಳಿದವರಿಗೆ, ಅವರು ಕೊಟ್ಟಷ್ಟಕ್ಕೆ ಕೊಟ್ಟು ಹೊರಟುಹೋದಳು.

ಬಳೆಗಾರನಿಗೆ ಬೇರೆ ಮನೆ ಹೊಂದಲಿಲ್ಲ. ಮಗಳ ದಿನ ತುಂಬಿತು. ಬಾಣಂತನ ಬೀಗರ ಮನೆಯಲ್ಲೇ ಆಯಿತು. ಮೊಮ್ಮಗಳಿಗೆ ನೀರೆರೆಯಲು ಬಳೆಗಾರನ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ಹೋದಳು. ಬೀಗತಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತು ಹೇಳಿದಳು, “ನೀವು ಕೂತಿರಿ. ನಮ್ಮ ಹಂಡೆಯ ಹದ ನಿಮಗೆ ತಿಳಿಯುವುದಿಲ್ಲ.”

ಊರ ಹೆಂಗಸರ ಕೈಗೆಲ್ಲ ಬಳೆ ಏರಿಸಿದವಳು ತನ್ನ ಎರಡು ಕೈ ಮಡಿಲಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ನೆಂಟರ ಹಾಗೆ ಉಂಡಳು. ನೆಂಟರ ಹಾಗೆ ವಾಪಸು ಬಂದಳು.

ಬಂದ ಮೇಲೆ ಒಂದು ದಿನ ಅವಳಿಗೆ ಕರೆ ಬಂತು. ಬಸುರಿ ಸೊಸೆಗೆ ಕುಬಸ ಮಾಡುತ್ತಾರೆ, ಹಸಿರು ಬಳೆ ತೊಡಿಸಬೇಕು. ಹೋಗಿ ನೋಡಿದರೆ ಅದೇ ಓಣಿ. ಕರೆಸಿದವಳು ಅದೇ ಪಕ್ಕದ ಮನೆಯಾಕೆ. ಆದರೆ ಕರೆದುಕೊಂಡು ಹೋದದ್ದು ಅವಳ ಮನೆಗಲ್ಲ. ಎರಡು ಮನೆಯ ನಡುವಿನ ಹಿತ್ತಲ ಗೋಡೆ ಒಡೆದು ಬಾಗಿಲು ಇಟ್ಟಿದ್ದರು. ಆ ಬಾಗಿಲಿನಿಂದ ದಾಟಿ ವಿಧವೆಯ ಮನೆಯ ಒಳಕೋಣೆಗೆ ಹೋದರು. ಮಗನ ಹೆಸರಿನಲ್ಲಿ ಕೊಂಡೆವು ಎಂದಳು. ಸೋರುತ್ತಿದ್ದ ಮೂಲೆ ಸರಿ ಮಾಡಿಸಿದ್ದಳು. ಬಚ್ಚಲ ಕಲ್ಲು ಹೊಸದಾಗಿ ಹಾಕಿಸಿದ್ದಳು. ಹೊರಸು, ಅಗ್ಗಿಷ್ಟಿಕೆ ಎಲ್ಲ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇದ್ದವು.

ಬಳೆಗಾರನ ಹೆಂಡತಿ ತಲೆ ಎತ್ತಿದಳು. ತೊಲೆಯಲ್ಲಿ ಕೊಂಡಿ. ಒಳಮೈ ಸವೆದ ಹಳೆಯ ಕೊಂಡಿ. ಅದಕ್ಕೆ ಹೊಸ ಹಗ್ಗ.

“ಇಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದಿದ್ದಿರಿ,” ಎಂದಳು.

“ಶಾಂತಿ ಮಾಡಿಸಿದೆವು ಬಿಡಿ,” ಎಂದಳು ಆಕೆ. ಕಣ್ಣು ಕೂಡ ಮಿಟುಕಿಸಲಿಲ್ಲ. “ಅಂದ ಹಾಗೆ, ನಿಮ್ಮ ಮಗಳ ಬಾಣಂತನ ಎಲ್ಲಿ ಮಾಡಿದಿರಿ?”

ಬಳೆಗಾರನ ಹೆಂಡತಿ ಹಸಿರು ಬಳೆ ಕೈಗೆ ತೆಗೆದುಕೊಂಡಳು. ಆ ಸೊಸೆಯ ಮಣಿಕಟ್ಟು ಹಿಡಿದಳು. ತೊಡಿಸುವಾಗ ಎಂದೂ ಬಳೆ ಒಡೆಯದವಳ ಕೈಯಲ್ಲಿ ಅಂದು ಒಂದು ಬಳೆ ಒಡೆಯಿತು.

ಕತೆ ಮುಗಿಯಿತು. ಬಸಲಿಂಗನ ಮುಖ ಕೆಂಪಾಗಿತ್ತು.

“ಎಂಥ ಕೆಟ್ಟ ಹೆಂಗಸವ್ವಾ ಅವಳು! ಎದುರಿಗೆ ಸಿಕ್ಕರೆ ನಾನು ಬಿಡುತ್ತಿರಲಿಲ್ಲ.”

“ಕೆಟ್ಟವಳು ಯಾಕೆ? ಅವಳಿಗೆ ಮನೆ ಬೇಕಿತ್ತು.”

“ಆದರೂ ಆ ಬಳೆಗಾರ ಒಂದು ಮಾತು ವಿಚಾರಿಸಬೇಕಿತ್ತು. ಅವಳಿಗೆ ಏನು ಸಿಗುತ್ತದೆ ಎಂದು ಒಮ್ಮೆ ನೋಡಬೇಕಿತ್ತು.”

“ನೋಡಬೇಕಿತ್ತು,” ಎಂದು ಅವ್ವ ಎಲೆ ಮಡಚಿ ಬಾಯಿಗಿಟ್ಟರು.

“ಅದಿರಲಿ ಬಸಲಿಂಗಾ, ನಾಳೆ ಗುರುಪಾದಯ್ಯನನ್ನು ಕಳಿಸಿದರೆ ಉಗ್ರಾಣದ ಬೀಗದ ಕೈ ಯಾರ ಸೊಂಟಕ್ಕೆ ಬರುತ್ತದೆ?”