ಎರಡನೆಯ ಗಡಿಗೆ

“ಗುರುಗಳೇ, ಕೋಪವನ್ನು ಇಷ್ಟು ಸಲ ಗೆದ್ದವನಿಗೆ ದೀಕ್ಷೆ ಕೊಡಲು ಇನ್ನೂ ಏನು ಅಡ್ಡಿ?”

ಕೇಳಿದವನು ಮಠದಲ್ಲಿ ಬಹಳ ಕಾಲದಿಂದ ಇದ್ದ ಶಿಷ್ಯ. ಅವನ ಕೈಯಲ್ಲಿ ಒಂದು ದಾರವಿತ್ತು. ದಾರದ ತುಂಬ ಗಂಟುಗಳು. ಕೋಪ ಬಂದಾಗ ಅದನ್ನು ನುಂಗಿಕೊಂಡರೆ ಒಂದು ಗಂಟು ಹಾಕಬೇಕು. ಇದು ಅವನೇ ತನಗೆ ವಿಧಿಸಿಕೊಂಡ ನಿಯಮ.

“ಹೋದ ವರ್ಷದ ದಾರ ಮೊಳದುದ್ದ ಇತ್ತು. ಈ ವರ್ಷದ್ದು ಮಾರುದ್ದ ಆಗಿದೆ. ಇದರಲ್ಲಿ ಒಂದು ಗಂಟೂ ಸುಳ್ಳಲ್ಲ.”

ಗುರುಗಳು ದಾರವನ್ನು ತೆಗೆದುಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿ ಹಿಂದಕ್ಕೆ ಕೊಟ್ಟರು. “ಸುಳ್ಳಲ್ಲ. ಕೂತುಕೋ” ಎಂದರು. ಆಮೇಲೆ ಹೇಳತೊಡಗಿದರು.

ಒಂದು ನದಿ. ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಒಡ್ಡು. ಒಡ್ಡು ತಿರುಗಿಸಿದ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಗದ್ದೆಗಳಿಗೆ ಹೋಗುತ್ತಿತ್ತು. ಮೇಲಿನ ಊರಿನಲ್ಲಿ ಬೆಸ್ತರಿದ್ದರು. ಮೊದಲ ಮಳೆಗೆ ನದಿ ಕೆಂಪಾದಾಗ ಮೀನುಗಳು ಮೊಟ್ಟೆಯಿಡಲು ಹೊಳೆಗೆ ಎದುರಾಗಿ ಈಜಿ, ಒಡ್ಡು ಹಾರಿ ಮೇಲಕ್ಕೆ ಹೋಗುತ್ತಿದ್ದವು. ಅವಕ್ಕೆ ಹತ್ತುಮೀನು ಎನ್ನುತ್ತಾರೆ. ಕೆಳಗಿನ ಊರು ಉಣ್ಣುತ್ತಿದ್ದದ್ದು ಆ ನೀರಿನಿಂದ, ಮೇಲಿನ ಊರು ಆ ಮೀನಿನಿಂದ.

ರೈತರಿಗೆ ನೀರು ಸಾಲದಾಯಿತು. ಒಡ್ಡಿನ ಮೇಲೆ ಇನ್ನೊಂದು ಸಾಲು ಕಲ್ಲು ಏರಿಸುತ್ತೇವೆ ಎಂದರು. ಏರಿಸಿದರೆ ಮೀನು ಹತ್ತುವುದು ಹೇಗೆ ಎಂದು ಬೆಸ್ತರು ಅಡ್ಡ ನಿಂತರು. ಎರಡೂ ಊರಿನ ಹಿರಿಯರು ಕೂತು ಒಂದು ಮಾತಿಗೆ ಬಂದರು. ಈ ಮಳೆಗಾಲ ಒಡ್ಡು ಇದ್ದ ಹಾಗೇ ಇರಲಿ. ಹತ್ತಿದ ಮೀನನ್ನು ಎಣಿಸೋಣ. ಆಮೇಲೆ ಕಲ್ಲು ಏರಲಿ. ಮುಂದಿನ ಮಳೆಗಾಲಗಳಲ್ಲೂ ಎಣಿಸೋಣ. ಎಣಿಕೆ ಕಡಿಮೆಯಾದರೆ ಕಲ್ಲು ಕೀಳಬೇಕು. ಆಗದಿದ್ದರೆ ಬೆಸ್ತರು ತುಟಿ ಬಿಚ್ಚಬಾರದು.

ಎಣಿಸಲು ಒಬ್ಬನನ್ನು ಗೊತ್ತುಮಾಡಿದರು. ಅವನು ಸುಂಕದ ಕಟ್ಟೆಯಲ್ಲಿ ಎತ್ತಿನ ಹೇರು ಎಣಿಸಿ ಹೆಸರಾದವನು. ಸ್ವಂತ ಭಾವನ ಹೇರನ್ನೂ ಬಿಟ್ಟವನಲ್ಲ. ಅವನ ಮಾತಿಗೆ ಎರಡೂ ಊರುಗಳು ತಲೆಬಾಗುತ್ತಿದ್ದವು. ಅವನಿಗೆ ಅದು ಗೊತ್ತಿತ್ತು. ಅದೊಂದೇ ಅವನ ಆಸ್ತಿ.

ಒಡ್ಡಿನ ಒಂದು ಅಂಚಿನಲ್ಲಿ ನೀರು ತೆಳ್ಳಗೆ ಇಳಿಯುತ್ತಿತ್ತು. ಮೀನು ಹತ್ತುತ್ತಿದ್ದದ್ದು ಅಲ್ಲಿ. ಎಣಿಕೆಯವನು ಅಲ್ಲಿ ಒಂದು ಬಂಡೆಯ ಮೇಲೆ ಕೂತ. ಪಕ್ಕದಲ್ಲಿ ಒಂದು ಗಡಿಗೆ, ಮಡಿಲಲ್ಲಿ ಹುಣಸೆಬೀಜ. ಒಂದು ಮೀನು ಹತ್ತಿದರೆ ಒಂದು ಬೀಜ ಗಡಿಗೆಗೆ. ಆಕಳಿಸಿದರೂ ಕಣ್ಣು ಮುಚ್ಚದ ಮನುಷ್ಯ ಅವನು. ಆ ಮಳೆಗಾಲ ಗಡಿಗೆ ಅರ್ಧಕ್ಕೆ ಬಂತು.

ಕಲ್ಲು ಏರಿತು. ಮರುವರ್ಷ ಗಡಿಗೆ ಮುಕ್ಕಾಲಾಯಿತು. ಅವನು ಸಭೆಯಲ್ಲಿ ಗಡಿಗೆ ಇಟ್ಟು, ನದಿಯ ಆಣೆ ಹಾಕಿ, ಹತ್ತಿದ ಮೀನು ಹೆಚ್ಚಾಗಿದೆ ಎಂದು ಸಾರಿದ. ರೈತರು ನಕ್ಕರು. ಬೆಸ್ತರು ಎದ್ದು ಹೋದರು. ಬಲೆಗೆ ಏನೂ ಬೀಳುತ್ತಿಲ್ಲ ಎಂದು ಗೊಣಗಿದವರಿಗೆ ರೈತರು ಹೇಳಿದ್ದು ಇಷ್ಟೇ: “ಬಲೆ ಬೀಸಲು ಬಾರದವನಿಗೆ ಹೊಳೆಯೇ ಓರೆ.” ಆ ವರ್ಷವೇ ಕೆಲವರು ಬಲೆ ಸುತ್ತಿಟ್ಟು ಕೂಲಿಗೆ ಹೋದರು.

ಮೂರನೆಯ ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಗಡಿಗೆ ಕಂಠಕ್ಕೆ ಬಂದಿತ್ತು. ಬೆಸ್ತರ ಒಬ್ಬ ಹೆಂಗಸು ಬುಟ್ಟಿ ಹಿಡಿದುಕೊಂಡು ಬಂಡೆಯ ಹತ್ತಿರ ಬಂದಳು.

“ಗಡಿಗೆ ತುಂಬಿತಾ ಅಯ್ಯಾ?”

“ತುಂಬುತ್ತಿದೆ.”

“ಹಾಗಾದರೆ ಅದರಲ್ಲೇ ಒಂದು ಹಿಡಿ ಕೊಡಿ, ಸಾರು ಮಾಡುತ್ತೇನೆ. ಮನೆಯಲ್ಲಿ ಹುಳಿ ಇದೆ, ಖಾರ ಇದೆ. ಮೀನು ಮಾತ್ರ ನಿಮ್ಮ ಗಡಿಗೆಯಲ್ಲಿದೆ.”

ಅವನಿಗೆ ಮೈ ಉರಿಯಿತು. “ಏನಮ್ಮಾ, ನನ್ನ ಎಣಿಕೆಯಲ್ಲಿ ಒಂದು ಬೀಜ ಹೆಚ್ಚಿದ್ದರೆ ತೋರಿಸು.”

“ನಿಮ್ಮ ಬೀಜದ ಮೇಲೆ ಯಾರಿಗೆ ಅನುಮಾನ? ಅದೂ ಸರಿಯಾಗಿದೆ. ಇದೂ ಸರಿಯಾಗಿದೆ, ನೋಡಿ” ಎಂದು ಅವಳು ಬುಟ್ಟಿಯನ್ನು ಬೋರಲು ಹಾಕಿದಳು. ಮೀನಿನ ಒಂದು ಹುರುಪೆಯೂ ಉದುರಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಸುಳ್ಳ ಎಂದಿದ್ದರೆ ಅವನು ಜಗಳವಾಡಬಹುದಿತ್ತು. ಅವಳು ಹಾಗೆ ಅನ್ನಲಿಲ್ಲ. ಆ ಮಾತು ಅವನಿಗೆ ಮುಳ್ಳಾಗಿ ಉಳಿಯಿತು.

ಮಾರನೆಯ ಬೆಳಿಗ್ಗೆ ಬಾಲ ಅರ್ಧ ಹರಿದ ಮೀನೊಂದು ಒಡ್ಡು ಹತ್ತಿತು. ನೀರುನಾಯಿ ಕಚ್ಚಿರಬೇಕು ಎಂದುಕೊಂಡು ಬೀಜ ಹಾಕಿದ. ಮಧ್ಯಾಹ್ನ ಬಾಲ ಅರ್ಧ ಹರಿದ ಮೀನೊಂದು ಹತ್ತಿತು. ಬೀಜ ಹಾಕಿದ. ಸಂಜೆಗೆ ಮತ್ತೊಂದು ಹತ್ತಿತು. ಅದರ ಬಾಲವೂ ಅರ್ಧ. ಬೀಜ ಹಿಡಿದ ಕೈ ಗಡಿಗೆಯ ಮೇಲೆ ನಿಂತುಬಿಟ್ಟಿತು. ಎಷ್ಟೇ ಜಾಣ ನೀರುನಾಯಿಯಾದರೂ ಎಲ್ಲ ಮೀನಿನ ಬಾಲವನ್ನೂ ಒಂದೇ ಅಳತೆಗೆ ಕಚ್ಚೀತೇ?

ಹತ್ತಿದ್ದಂತೂ ನಿಜ. ಅವನು ಆ ಬೀಜವನ್ನೂ ಹಾಕಿದ. ಹಾಕಿ ಎದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಬಂಡೆ ಬಿಟ್ಟು, ಒಡ್ಡಿನ ನಡುಭಾಗ ಕಾಣುವ ಕಡೆ ಹೋಗಿ ನಿಂತ.

ಹೊಸ ಕಲ್ಲಿನ ಸಾಲನ್ನು ಹಾರುವುದರಲ್ಲೇ ಮೀನಿನ ಕಸುವು ಮುಗಿಯುತ್ತಿತ್ತು. ಮೇಲೆ ಬಂದ ಮೀನು ಸುಸ್ತಾಗಿ ಹೊರಳುತ್ತಿತ್ತು. ನಡುಹೊಳೆಯ ಸೆಳೆತ ಅದನ್ನು ಹಿಡಿದು ಒಡ್ಡಿನಾಚೆ ಎಸೆಯುತ್ತಿತ್ತು. ಕೆಳಗೆ ಬಿದ್ದ ಮೀನು ಸ್ವಲ್ಪ ಹೊತ್ತು ಮಡುವಿನಲ್ಲಿ ತಂಗಿ, ಅಂಚಿಗೆ ಬಂದು, ಮತ್ತೆ ಹತ್ತುತ್ತಿತ್ತು. ಹತ್ತಿದ್ದನ್ನು ಎಣಿಸು ಎಂದಿದ್ದರು. ಎಣಿಸಿದ್ದ. ಬಿದ್ದದ್ದರ ಮಾತನ್ನು ಯಾರೂ ಎತ್ತಿರಲಿಲ್ಲ.

ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಹೋದ ವರ್ಷದ ಆಣೆ ನೀರಿಗೆ ಹೋಗುತ್ತಿತ್ತು, ಅದರೊಡನೆ ಅವನ ಹೆಸರೂ. ಅವನು ಕುಂಬಾರನ ಮನೆಗೆ ಹೋಗಿ ಅದೇ ಅಳತೆಯ ಇನ್ನೊಂದು ಗಡಿಗೆ ತಂದ. ಹಳೆಯದನ್ನು ಬರಿದು ಮಾಡಿ ಮೊದಲಿನಿಂದ ಎಣಿಸತೊಡಗಿದ. ಹತ್ತಿದ ಮೀನಿಗೆ ಹಳೆಯ ಗಡಿಗೆ, ಬಿದ್ದ ಮೀನಿಗೆ ಹೊಸ ಗಡಿಗೆ.

ಮಳೆ ನಿಂತಿತು. ಸಭೆ ಸೇರಿತು. ಅವನು ಎರಡು ಗಡಿಗೆ ಹೊತ್ತು ತಂದದ್ದನ್ನು ಕಂಡು ರೈತರ ಮುಖಂಡ ಕೇಳಿದ: “ಇದೇನಯ್ಯಾ, ಮೀನು ಅಷ್ಟೊಂದು ಹೆಚ್ಚಾಯಿತೇ?”

“ಇದು ಹತ್ತಿದ್ದು. ಇದು ಬಿದ್ದದ್ದು.”

“ಬಿದ್ದದ್ದು ನಮ್ಮ ಮಾತುಕತೆಯಲ್ಲಿ ಇರಲಿಲ್ಲವಲ್ಲ.”

“ಇರಲಿಲ್ಲ” ಎಂದ ಎಣಿಕೆಯವನು. “ಹೋದ ವರ್ಷ ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.”

ಅವನು ಒಂದು ಗಡಿಗೆಯಿಂದ ಒಂದು ಬೀಜ, ಇನ್ನೊಂದರಿಂದ ಒಂದು ಬೀಜ, ಹೀಗೆ ಜೋಡಿ ಜೋಡಿಯಾಗಿ ತೆಗೆದು ನೆಲಕ್ಕೆ ಹಾಕುತ್ತ ಹೋದ. ಎಲ್ಲರೂ ನೋಡುತ್ತ ಕೂತರು. ಹೊಸ ಗಡಿಗೆ ಬರಿದಾಯಿತು. ಹಳೆಯ ಗಡಿಗೆಯ ತಳದಲ್ಲಿ ಒಂದು ಹಿಡಿ ಬೀಜ ಉಳಿದಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಹಿರಿಯರಿಗೆ ತೋರಿಸಿದ. ಮೇಲಿನ ಊರಿಗೆ ತಲುಪಿದ ಮೀನು ಅಷ್ಟೇ.

ಬೇಸಿಗೆಯಲ್ಲಿ ಹೊಸ ಸಾಲನ್ನು ಕಿತ್ತರು. ಕೀಳುವಾಗ ರೈತರು ಅವನನ್ನು ಬೈದರು. ಎರಡು ವರ್ಷ ತಡವಾಯಿತು ಎಂದು ಬೆಸ್ತರೂ ಬೈದರು.

ಮುಂದಿನ ಮಳೆಗಾಲ ಹಳೆಯ ಗಡಿಗೆ ಅರ್ಧವೂ ತುಂಬಲಿಲ್ಲ. “ನೋಡಿದಿರಾ, ಕಲ್ಲು ಕಿತ್ತ ಮೇಲೆ ಮೀನೇ ಕಡಿಮೆಯಾಯಿತು” ಎಂದು ರೈತರು ಊರೆಲ್ಲ ಹೇಳಿಕೊಂಡು ಬಂದರು. ಹೊಸ ಗಡಿಗೆಯಲ್ಲಿ ಬೀಜ ತಳ ಮುಚ್ಚಿರಲಿಲ್ಲ. ಅದನ್ನು ಯಾರೂ ಬಗ್ಗಿ ನೋಡಲಿಲ್ಲ. ಒಂದು ದಿನ ಆ ಹೆಂಗಸು ಮತ್ತೆ ಬಂಡೆಯ ಹತ್ತಿರ ಬಂದಳು. ಬುಟ್ಟಿಯ ಭಾರಕ್ಕೆ ಅವಳ ಸೊಂಟ ಓರೆಯಾಗಿತ್ತು.

“ಅಯ್ಯಾ, ಈ ಸಲ ಹುಳಿ ಸಾಲುತ್ತಿಲ್ಲ” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಲೆ ಕೊಡವಿದ. “ಎಂಥ ಮಂಕು ಮನುಷ್ಯ! ಎದುರಿಗೇ ಹೊಳೆ ಹರಿಯುತ್ತಿತ್ತು. ಒಂದು ಸಲ ಕತ್ತು ತಿರುಗಿಸಿದ್ದರೆ ಸಾಕಿತ್ತು. ಅವನಂಥವನನ್ನು ನಂಬಿ ಒಂದು ಊರು ಹಸಿವಿನಿಂದ ಬಳಲಿತು. ನಾನು ಆ ಸಭೆಯಲ್ಲಿ ಇದ್ದಿದ್ದರೆ ಅವನ ಗಡಿಗೆಯನ್ನು ಅವನ ತಲೆಯ ಮೇಲೇ ಒಡೆಯುತ್ತಿದ್ದೆ.”

ಅವನ ದನಿ ಏರಿತ್ತು. ಕೈಯಲ್ಲಿದ್ದ ದಾರ ಬಿಗಿಯಾಗಿತ್ತು.

ಗುರುಗಳು ಕೈ ನೀಡಿದರು. “ಈಗ ನಿನ್ನ ಇನ್ನೊಂದು ದಾರವನ್ನು ಕೊಡು, ನೋಡೋಣ.”